ಹೈಸ್ಕೂಲ್ ಮಕ್ಕಳು ಬಿಸಿನೆಸ್–ಮಾರ್ಕೆಟಿಂಗ್ ಕ್ಲಬ್‌ಗೆ ಸೇರುವಂತೆ ಮಾಡುವುದು ಹೇಗೆ?

ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರೆ ಯಾರೂ ಬರುವುದಿಲ್ಲ. ಮಕ್ಕಳಿಗೆ ಅದು ಇನ್ನೊಂದು ಟ್ಯೂಷನ್ ಥರ ಕಾಣುತ್ತದೆ. ಮೊದಲು ಒಂದು ಮಕ್ಕಳ ಸಂತೆ ಮಾಡಿ. ನಮ್ಮ ಸರ್ಕಾರಿ ಶಾಲೆಗಳಿಗೆ ಇದು ಹೊಸದೇನಲ್ಲ, ಆದರೆ ಸೊಪ್ಪು ಮಾರಿ, ಫೋಟೊ ತೆಗೆಸಿಕೊಂಡು ಅಲ್ಲಿಗೇ ಮುಗಿಸಿಬಿಡುತ್ತೇವೆ. ಕ್ಲಬ್ ಹುಟ್ಟುವುದು ಮರುದಿನದ ಲೆಕ್ಕದಲ್ಲಿ.

ನಿಂಬೆ ಪಾನಕವನ್ನೇ ತಗೊಳ್ಳಿ. ನಿಂಬೆಹಣ್ಣು, ಐಸು, ಲೋಟ ಎಲ್ಲಾ ಸೇರಿ 300 ರೂಪಾಯಿ ಖರ್ಚು. ಲೋಟಕ್ಕೆ 10ರಂತೆ 45 ಲೋಟ ಹೋಯಿತು ಅಂದುಕೊಳ್ಳಿ. 150 ಲಾಭ ಅಂತ ಹುಡುಗರು ಕುಣಿಯುತ್ತಾರೆ. 'ಅಮ್ಮನ ಡಬ್ಬಿಯಿಂದ ತಂದ ಸಕ್ಕರೆ ಎಲ್ಲಿ ಬರೆದಿದ್ದೀರಿ? ಗೆಳೆಯರಿಗೆ ಬಿಟ್ಟಿ ಕೊಟ್ಟದ್ದು? ಪಕ್ಕದ ಮಾವಿನಕಾಯಿ ಅಂಗಡಿಗೆ ಮಾತ್ರ ಯಾಕೆ ಅಷ್ಟು ಸಾಲು?' ಅಂತ ಕೇಳಿ ನೋಡಿ. ಜಗಳವೇ ಶುರುವಾಗುತ್ತದೆ. ಆ ಜಗಳದ ನಡುವೆಯೇ ಹೆಸರು ಬರೆಸಿಕೊಳ್ಳಿ.

ಅಮೆರಿಕದಲ್ಲಿ 1946ರಲ್ಲಿ ಶುರುವಾದ, ವಿದ್ಯಾರ್ಥಿಗಳಿಗೆ ಬಿಸಿನೆಸ್–ಮಾರ್ಕೆಟಿಂಗ್ ಕಲಿಸುವ ಡೆಕಾ ಸಂಘಟನೆಯ ಹಲವು ಸ್ಪರ್ಧೆಗಳಲ್ಲೂ ಹೀಗೆಯೇ: ವ್ಯಾಪಾರದ ಒಂದು ಸಮಸ್ಯೆ ಕೊಟ್ಟು, ತೀರ್ಪುಗಾರರ ಮುಂದೆ ಪರಿಹಾರ ಹೇಳಿಸುತ್ತಾರೆ.

ಮಾತುಗಾರರನ್ನಷ್ಟೇ ಹುಡುಕಬೇಡಿ, ಬೋರ್ಡು ಬರೆಯುವವರೂ ಲೆಕ್ಕ ಇಡುವವರೂ ಬೇಕು. ಹತ್ತನೇ ಕ್ಲಾಸಿನವರ ಆಸೆ ಬಿಡಿ, ಎಸ್ಸೆಸ್ಸೆಲ್ಸಿ ವರ್ಷ ಮನೆಯವರು ಬಿಡುವುದಿಲ್ಲ. ಎಂಟು, ಒಂಬತ್ತರವರನ್ನೇ ಹಿಡಿಯಿರಿ.