ಸಂಪಾದಕರ ಉತ್ತರ: ಸ್ಕೂಟರಿನವನು ಎಲ್ಲಿ ಹೋದ?

ರಾಜಾಜಿನಗರದ ಓದುಗರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕುತ್ತಿಲ್ಲ. ಸಾರ ಇಷ್ಟು: ಕಳೆದ ತಿಂಗಳು ಒಂದು ರಾತ್ರಿ ಎಂಟರ ಸುಮಾರಿಗೆ ಅವರ ಮಗಳು ಮೆಜೆಸ್ಟಿಕ್ ಬಳಿ ಬಸ್ಸಿಗೆ ಕಾಯುತ್ತಿದ್ದಳು. ಸ್ಕೂಟರಿನಲ್ಲಿ ಬಂದ ಒಬ್ಬ ‘ಎಷ್ಟು?’ ಎಂದು ಕೇಳಿದ. ಹುಡುಗಿ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. “ನಮ್ಮ ದೇಶದಲ್ಲಿ ವೇಶ್ಯಾವೃತ್ತಿ ಕಾನೂನುಬಾಹಿರ. ಆದರೂ ಆ ಹೆಂಗಸರು ಸಂಜೆಯಾದರೆ ರಾಜಾರೋಷವಾಗಿ ನಿಲ್ಲುತ್ತಾರೆ. ಅವರನ್ನು ಗುಡಿಸಿ ಹಾಕಬೇಕು. ಸಮಾಜದ ಮೇಲೆ ಇದರ ಪರಿಣಾಮವೇನು ಎಂದು ಯೋಚಿಸದೆ ನಿಮ್ಮ ಪತ್ರಿಕೆ ‘ಲೈಂಗಿಕ ಕಾರ್ಮಿಕೆ’ ಎಂದು ಮರ್ಯಾದೆ ಬೇರೆ ಕೊಡುತ್ತದೆ. ದುಡಿದು ತಿನ್ನಲು ಊರಿನಲ್ಲಿ ಬೇರೆ ಕೆಲಸವಿಲ್ಲವೇ?”

ಮಾನ್ಯರೇ,

ಮೊದಲು ನಿಮ್ಮ ಮಗಳ ವಿಷಯ. ಅವಳಿಗೆ ಆದದ್ದು ಅವಮಾನ ಮಾತ್ರವಲ್ಲ, ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಅದನ್ನು ಲೈಂಗಿಕ ಕಿರುಕುಳ ಎಂದೇ ಕರೆಯುತ್ತದೆ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಒಂದು ಮಾತು ಹೇಳದೆ ಇರಲಾರೆ. ಆ ನಾಲ್ಕು ಪುಟಗಳಲ್ಲಿ ‘ಆ ಹೆಂಗಸರು’ ಬಾರದ ಪ್ಯಾರಾ ಇಲ್ಲ. ಸ್ಕೂಟರಿನವನು ಮಾತ್ರ ಮೊದಲ ಪುಟದ ಒಂದೇ ವಾಕ್ಯದಲ್ಲಿ ಬಂದು, ‘ಎಷ್ಟು?’ ಎಂದು ಕೇಳಿ, ಹೊರಟೇ ಹೋಗಿದ್ದಾನೆ. ಪೊಲೀಸರು ಯಾರು ಯಾರನ್ನು ಹಿಡಿಯಬೇಕು ಎಂದು ನೀವು ಕೊಟ್ಟ ಪಟ್ಟಿಯಲ್ಲೂ ಅವನಿಲ್ಲ.

ಇದು ನಿಮ್ಮೊಬ್ಬರ ಕಣ್ತಪ್ಪಲ್ಲ. ಕಾನೂನೂ ಹೆಚ್ಚೂಕಡಿಮೆ ಹಾಗೆಯೇ ನೋಡುತ್ತದೆ. 1956ರ ಕಾಯ್ದೆ ಅದು. 1986ರಲ್ಲಿ ಅದರ ಹೆಸರು ಅನೈತಿಕ ವ್ಯವಹಾರ (ತಡೆ) ಕಾಯ್ದೆ ಎಂದು ಬದಲಾಯಿತು, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಠಾಣೆಗಳ ಬಾಯಲ್ಲಿ ಈಗ ‘ಐಟಿಪಿ’. ವಯಸ್ಕ ಹೆಣ್ಣೊಬ್ಬಳು ತನ್ನಿಚ್ಛೆಯಿಂದ ಹಣಕ್ಕೆ ಒಪ್ಪುವುದು ಅದರಲ್ಲಿ ಅಪರಾಧವಲ್ಲ. ಅದರ ಸುತ್ತಲಿನದೆಲ್ಲ ಅಪರಾಧ: ಅಡ್ಡೆ ನಡೆಸುವುದು, ತಲೆಹಿಡಿಯುವುದು, ಬೀದಿಯಲ್ಲಿ ನಿಂತು ಕರೆಯುವುದು, ಗುಡಿ, ಶಾಲೆ, ಆಸ್ಪತ್ರೆಗಳಿಂದ 200 ಮೀಟರಿನೊಳಗೆ ಈ ಕೆಲಸ ಮಾಡುವುದು. ಬೆಂಗಳೂರಿನಲ್ಲಿ ಒಂದು ಗಣಪನ ಗುಡಿಯೂ ಎದುರಾಗದಂತೆ 200 ಮೀಟರ್ ನಡೆದವರಿದ್ದರೆ ದಯವಿಟ್ಟು ನನಗೆ ತಿಳಿಸಿ.

ಒಬ್ಬಳೇ ಕೋಣೆ ಮಾಡಿಕೊಂಡಿದ್ದರೆ ಅದು ಮನೆ. ಗಿರಾಕಿ ಕುಡಿದು ಬಂದು ಹೊಡೆದಾನು, ಪಕ್ಕದಲ್ಲಿ ಇನ್ನೊಂದು ಜೀವವಿರಲಿ ಎಂದು ಗೆಳತಿಯನ್ನು ಸೇರಿಸಿಕೊಂಡು ಇಬ್ಬರೂ ಅಲ್ಲೇ ಸಂಪಾದಿಸಿದರೆ, ಕಾಯ್ದೆಯ ವ್ಯಾಖ್ಯೆಯಂತೆ ಅದು ವೇಶ್ಯಾಗೃಹ. ಮಗನಿಗೆ 18 ದಾಟಿದ ಮೇಲೆ ತಾಯಿಯ ದುಡ್ಡಿನಲ್ಲಿ ಅವನು ಕಾಲೇಜು ಓದಿದರೆ, ಗೊತ್ತಿದ್ದೂ ಆ ಸಂಪಾದನೆಯ ಮೇಲೆ ಬದುಕಿದ ಎಂದು ಅವನನ್ನೇ ಆರೋಪಿ ಮಾಡಲು 4ನೇ ಸೆಕ್ಷನ್ನಿನಲ್ಲಿ ಜಾಗವಿದೆ. ಹಣ ಕೊಟ್ಟು ಬಂದವನನ್ನು ನೇರವಾಗಿ ಮುಟ್ಟುವುದು ಹೆಚ್ಚೂಕಡಿಮೆ ಆ 200 ಮೀಟರಿನ ಸೆಕ್ಷನ್ ಒಂದೇ. ದಾಳಿಯಲ್ಲಿ ಸಿಕ್ಕಿಬಿದ್ದ ಗಿರಾಕಿಗಳ ಮೇಲಿನ ಪ್ರಕರಣಗಳನ್ನು ನಮ್ಮ ಹೈಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ರದ್ದು ಮಾಡಿದೆ.

ಬೀದಿಯಲ್ಲಿ ನಿಂತವಳ ಮೇಲೆ ಐಟಿಪಿಯನ್ನೂ ಹಾಕಬೇಕಾಗಿಲ್ಲ, ಪೆಟ್ಟಿ ಕೇಸು ಸಾಕು. ದಂಡ ಕಟ್ಟಿದವಳು ಆ ಹಣ ತುಂಬಿಕೊಳ್ಳಲು ಮರುದಿನ ಅದೇ ಜಾಗಕ್ಕೆ ಬರುತ್ತಾಳೆ. ಮುಂಬಯಿಯ ಕಾಮಾಟಿಪುರದಂಥ, ಕೋಲ್ಕತ್ತದ ಸೋನಾಗಾಚಿಯಂಥ ಕೇರಿ ಬೆಂಗಳೂರಿನಲ್ಲಿಲ್ಲ. ಇಲ್ಲಿರುವುದು ಬಸ್ ನಿಲ್ದಾಣ, ಲಾಡ್ಜು, ಬಾಡಿಗೆ ಮನೆ, ಈಗ ಮೊಬೈಲು. ನೀವು ಹೇಳುವ ಗುಡಿಸುವ ಕೆಲಸವನ್ನು ನಾನು ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಮೆಜೆಸ್ಟಿಕ್‌ನಿಂದ ಓಡಿಸಿದರೆ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಕಲಾಸಿಪಾಳ್ಯ, ಅಲ್ಲಿಂದ ಮತ್ತೆ ಮೆಜೆಸ್ಟಿಕ್.

ಇನ್ನು ನಮ್ಮ ಕಸುಬಿನ ಪಾಪ. ಬೇರೊಂದು ಪತ್ರಿಕೆಯಲ್ಲಿ ನಾನು ಹೊಸದಾಗಿ ವರದಿಗಾರನಾಗಿದ್ದಾಗ ಒಂದು ದಾಳಿಗೆ ಪೊಲೀಸರ ಜೀಪಿನ ಹಿಂದೆಯೇ ಹೋಗಿದ್ದೆ. ‘ಐವರು ಮಹಿಳೆಯರ ರಕ್ಷಣೆ’ ಎಂದು ತಲೆಬರಹ ಕೊಟ್ಟೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿ ಕುಳಿತವರ ಫೋಟೊ ಅಚ್ಚಾಯಿತು. ಮುಖ ಕಾಣುವುದಿಲ್ಲವಲ್ಲ, ತೊಂದರೆಯಿಲ್ಲ ಎಂದುಕೊಂಡಿದ್ದೆವು. ಒಂದು ತಿಂಗಳ ಮೇಲೆ ಆ ಐವರಲ್ಲಿ ಒಬ್ಬಾಕೆ ಕಚೇರಿಗೆ ಬಂದರು. ಮುಖ ಮುಚ್ಚಿತ್ತು, ಸೀರೆ ಮುಚ್ಚಿರಲಿಲ್ಲ. ದೊಡ್ಡ ದೊಡ್ಡ ಹೂವಿನ ಆ ಸೀರೆ, ಅವರಿದ್ದ ವಠಾರದ ಮಾಲೀಕರ ಹೆಂಡತಿ ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಕೊಟ್ಟದ್ದು. ಕೊಟ್ಟವರು ಗುರುತು ಹಿಡಿಯದೆ ಇರುತ್ತಾರೆಯೇ? ಆಕೆ ಹೊರಬರುವ ಹೊತ್ತಿಗೆ ಪಾತ್ರೆಪಗಡೆ ಬಾಗಿಲ ಹೊರಗಿದ್ದವು, ಇಬ್ಬರು ಮಕ್ಕಳು ಅಜ್ಜಿಯ ಜೊತೆ ಊರಿಗೆ ಹೋಗಿಯಾಗಿತ್ತು. ಆಕೆ ಜಗಳ ಮಾಡಲಿಲ್ಲ. ಆ ದಿನದ ಪತ್ರಿಕೆಯ ಪ್ರತಿಗಳು ಎಷ್ಟು ಉಳಿದಿವೆ, ಎಲ್ಲವನ್ನೂ ನಾನೇ ಕೊಂಡುಕೊಳ್ಳುತ್ತೇನೆ ಎಂದರು. ಕೈಯಲ್ಲಿ ಗಂಟು ಕಟ್ಟಿದ ಕರವಸ್ತ್ರವಿತ್ತು. ಹಳೆಯ ಪತ್ರಿಕೆ ರದ್ದಿಗೆ ಹೋಗಿರುತ್ತದೆ ಎಂದು ಹೇಳಿ ಕಳಿಸಿದೆ.

‘ರಕ್ಷಣೆ’ ಎಂಬ ಆ ಪದವನ್ನು ಅಂದಿನಿಂದ ನಾನು ಅನುಮಾನದಿಂದಲೇ ನೋಡುತ್ತೇನೆ. ಐಟಿಪಿಯ 17ನೇ ಸೆಕ್ಷನ್ನಿನ ಪ್ರಕಾರ ರಕ್ಷಿಸಲ್ಪಟ್ಟವಳನ್ನು ಒಂದರಿಂದ ಮೂರು ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇರಿಸಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಬೀದಿಯಲ್ಲಿ ಕರೆದದ್ದಕ್ಕೆ ಮೊದಲ ಸಲ ಶಿಕ್ಷೆಯಾದರೆ ಹೆಚ್ಚೆಂದರೆ ಆರು ತಿಂಗಳು. ಶಿಕ್ಷೆಗಿಂತ ರಕ್ಷಣೆಯೇ ಉದ್ದ. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಕೊಟ್ಟ ನಿರ್ದೇಶನಗಳಲ್ಲಿ, ಇಚ್ಛೆಗೆ ವಿರುದ್ಧವಾಗಿ ಇಂಥ ಗೃಹಗಳಲ್ಲಿರುವ ವಯಸ್ಕ ಮಹಿಳೆಯರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು ಎಂಬುದೂ ಒಂದು. ದಾಳಿಯ ಹೊತ್ತಿನಲ್ಲಿ ಅವರ ಗುರುತು ಮಾಧ್ಯಮಗಳಲ್ಲಿ ಬಯಲಾಗದಂತೆ ಎಚ್ಚರ ವಹಿಸಬೇಕು ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಅದು ಬಹಳ ತಡವಾಗಿ ಬಂದ ಬುದ್ಧಿಮಾತು.

ಪರಿಣಾಮದ ಮಾತು ಎತ್ತಿದ್ದೀರಿ. ನಾನು ಕಂಡ ಪರಿಣಾಮ ಮುಖ್ಯವಾಗಿ ಸುಳ್ಳಿನದು. ಮನೆಯವರಿಗೆ ಗಾರ್ಮೆಂಟ್ಸ್ ಎಂದು ಸುಳ್ಳು, ಮಾಲೀಕರಿಗೆ ಗಂಡ ದುಬೈನಲ್ಲಿದ್ದಾನೆ ಎಂದು ಸುಳ್ಳು, ಮಗಳ ಶಾಲೆಯಲ್ಲಿ ಇನ್ನೊಂದು. ಈ ಸುಳ್ಳು ಯಾರಿಗೆ ಗೊತ್ತಾದರೂ ಅದಕ್ಕೊಂದು ಬೆಲೆ ಇದೆ. ಮಾಲೀಕ ಬಾಡಿಗೆ ಏರಿಸುತ್ತಾನೆ, ಲಾಡ್ಜಿನ ಹುಡುಗ ಪಾಲು ಕೇಳುತ್ತಾನೆ, ಖಾಕಿಯವನು ಮಾಮೂಲಿ ಕೇಳುತ್ತಾನೆ. ಗಿರಾಕಿ ಹಣ ಕೊಡದೆ ಹೊಡೆದು ಹೋದರೆ ಅವಳು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ಹತ್ತಿದರೆ ಮೊದಲ ಪ್ರಶ್ನೆ ಏನೆಂದು ಅವಳಿಗೆ ಗೊತ್ತು. ಸರ್ಕಾರದ ಒಂದು ಇಲಾಖೆ ಎಚ್‌ಐವಿ ತಡೆಯಲು ಉಚಿತವಾಗಿ ಹಂಚಿದ ಕಾಂಡೋಮನ್ನು ಇನ್ನೊಂದು ಇಲಾಖೆ ದಾಳಿಯಲ್ಲಿ ಎಣಿಸಿ ಸಾಕ್ಷಿಯಾಗಿ ಜಪ್ತಿ ಮಾಡುತ್ತಿತ್ತು. ಅದನ್ನು ಸಾಕ್ಷಿಯೆಂದು ನೋಡಬಾರದು ಎಂದೂ 2022ರಲ್ಲೇ ಹೇಳಬೇಕಾಯಿತು.

ಬೇರೆ ಕೆಲಸವಿಲ್ಲವೇ ಎಂದಿರಿ. ಇದೆ, ಮಾಡುತ್ತಲೂ ಇದ್ದಾರೆ. ಹಗಲು ಮನೆಗೆಲಸ, ಗಾರೆ ಕೆಲಸ, ಗಾರ್ಮೆಂಟ್ಸ್ ಮಾಡಿಯೂ ತಿಂಗಳ ಇಪ್ಪತ್ತನೇ ತಾರೀಕು ದಾಟಿಸಲಾಗದೆ ವಾರಕ್ಕೆರಡು ಸಂಜೆ ಮೆಜೆಸ್ಟಿಕ್ಕಿಗೆ ಬರುವವರನ್ನು ನಾನು ಬಲ್ಲೆ. ನಮ್ಮ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮ ಇವರಿಗಾಗಿಯೇ ‘ಚೇತನ’ ಎಂಬ ನೆರವಿನ ಯೋಜನೆ ಇಟ್ಟಿದೆ. ಅಲ್ಲಿ ಇವರಿಗೆ ‘ದಮನಿತ ಮಹಿಳೆಯರು’ ಎಂದು ಹೆಸರು. ನೆರವು ಬೇಕಾದರೆ ತಾನು ಯಾರೆಂದು ಮೊದಲು ಕಾಗದದ ಮೇಲೆ ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಕಿಟಕಿಯ ಆಚೆ ಕುಳಿತ ಗುಮಾಸ್ತರಿಗೆ ಹೇಳಬೇಕು.

ನೀವು ಕೋಪಗೊಂಡ ಪದವನ್ನು ನಾನು ಪೂರ್ತಿ ಮನಸ್ಸಿನಿಂದ ಬಳಸುವುದಿಲ್ಲ, ನಿಜ. ಇದೂ ಎಲ್ಲ ಕೆಲಸದಂತೆ ಒಂದು ಕೆಲಸ ಎಂಬ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯೂಟಿ ಪಾರ್ಲರ್ ಕೆಲಸವೆಂದು ನಂಬಿಸಿ ಕರೆತಂದ ಹುಡುಗಿಯರು ಈ ಊರಿನಲ್ಲಿದ್ದಾರೆ. ದೇವದಾಸಿ ಬಿಡುವುದನ್ನು 1982ರಲ್ಲೇ ನಿಷೇಧಿಸಿದ ರಾಜ್ಯ ನಮ್ಮದು, ಆದರೂ ಆ ದಾರಿಯಲ್ಲಿ ಬಂದವರೂ ಇದ್ದಾರೆ. 18 ತುಂಬದವರ ವಿಷಯದಲ್ಲಂತೂ ಒಪ್ಪಿಗೆ ಎಂಬ ಮಾತೇ ಇಲ್ಲ. ಅವರನ್ನು ತಂದವರನ್ನು, ಇಟ್ಟವರನ್ನು, ಹಣ ಕೊಟ್ಟವರನ್ನು ಹಿಡಿದು ಒಳಗೆ ಹಾಕಬೇಕು. ಇಲ್ಲಿ ನಿಮಗಿಂತ ನನಗೇ ಹೆಚ್ಚು ಸಿಟ್ಟಿದೆ. ಆದರೆ ಬೀದಿಯನ್ನು ಗುಡಿಸಿದರೆ ಈ ಮಕ್ಕಳು ಸಿಗುವುದಿಲ್ಲ. ಬೀದಿಯಲ್ಲಿ ನಿಂತವರು ಪೊಲೀಸರಿಗೆ ಹೆದರದೆ ಬಾಯಿ ಬಿಟ್ಟರೆ ಸಿಕ್ಕಾರು. ಯಾವ ಲಾಡ್ಜಿಗೆ ಹೊಸದಾಗಿ ಯಾರು ಬಂದರು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಇನ್‌ಸ್ಪೆಕ್ಟರಿಗೂ ಗೊತ್ತಿರುವುದಿಲ್ಲ.

ವಿದೇಶಗಳಲ್ಲಿ ಏನು ಮಾಡುತ್ತಾರೆ ಎಂದೂ ಕೇಳಿದ್ದೀರಿ. ಸ್ವೀಡನ್ 1999ರಿಂದ ಕೊಳ್ಳುವವನನ್ನು ಶಿಕ್ಷಿಸುತ್ತದೆ, ಮಾರುವವಳನ್ನಲ್ಲ. ನ್ಯೂಜಿಲೆಂಡಿನಲ್ಲಿ 2003ರ ಕಾನೂನಿನಂತೆ ನಾಲ್ವರವರೆಗೆ ಒಟ್ಟಾಗಿ ತಮ್ಮದೇ ಯಜಮಾನಿಕೆಯಲ್ಲಿ ಕೆಲಸ ಮಾಡಿದರೆ ಪರವಾನಗಿಯೂ ಬೇಡ. ಎರಡೂ ಕಡೆ ತಕರಾರುಗಳಿವೆ. ನನಗೆ ಬೇಕಾದದ್ದು ಅಷ್ಟೆಲ್ಲ ಅಲ್ಲ, ಇಬ್ಬರು ಹೆಂಗಸರು ಹೆದರಿಕೆಗೆ ಒಂದೇ ಕೋಣೆಯಲ್ಲಿದ್ದರೆ ಅದು ಅಪರಾಧವಾಗದಿದ್ದರೆ ಸಾಕು.

ಕೊನೆಗೆ ನಿಮ್ಮ ಮಗಳು. ಸ್ಕೂಟರಿನ ನಂಬರನ್ನು ಅವಳು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದಾಳೆ, ಕೊನೆಯ ಎರಡು ಅಂಕಿ ಮಾತ್ರ ಕಾಣಲಿಲ್ಲ ಎಂದು ಮೂರನೇ ಪುಟದ ಅಂಚಿನಲ್ಲಿ ಬರೆದಿದ್ದೀರಿ. ಅದನ್ನು ಅಂಚಿನಲ್ಲಿ ಯಾಕೆ ಬರೆದಿರಿ? ಅಷ್ಟು ಅಂಕಿ ಇಟ್ಟುಕೊಂಡೇ ದೂರು ಕೊಡಬಹುದು. ಟಿಕೆಟ್ಟನ್ನು ಎಸೆಯಬೇಡಿ, ಶಾಯಿ ಮಾಸುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅವಳು ಒಪ್ಪಿದರೆ ಶನಿವಾರ ಬೆಳಿಗ್ಗೆ ನಾನೂ ಠಾಣೆಗೆ ಬರುತ್ತೇನೆ.