‘ಕರ್ರಗದ, ಆದ್ರೂ ಲಕ್ಷಣ ಅದ’ ಅಂದ್ರ ತಪ್ಪೇನ್ರಿ?

ಈ ಸಲದ ಪತ್ರಗಳಲ್ಲಿ ಮೈಬಣ್ಣದ ಮಾತೇ ಹೆಚ್ಚು. ಹಾಗಾಗಿ ಒಂದೇ ಕಡೆ ಸೇರಿಸಿ ಉತ್ತರಿಸಿದ್ದೇವೆ. ಬರೆದವರ ಹೆಸರು ಕೈಬಿಟ್ಟು ಊರು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಅಣ್ಣನ ಮಗಳ ತೊಟ್ಟಿಲ ಕಾರ್ಯದಲ್ಲಿ ‘ಕೂಸು ಕರ್ರಗದ, ಆದ್ರೂ ಲಕ್ಷಣ ಅದ’ ಅಂದೆ. ವೈನಿ ಸಿಟ್ಟಾಗಿ ‘ಇದಕ್ಕ ರೇಸಿಸಂ ಅಂತಾರ’ ಅಂದರು. ನಮ್ಮ ಮನೆಯವರೆಲ್ಲ ಕಪ್ಪೇ. ಒಂದೇ ರಕ್ತದವರ ನಡುವೆ ರೇಸಿಸಂ ಎಲ್ಲಿಂದ ಬಂತು? (ಸೇಡಂ)

ಉತ್ತರ: ಅರ್ಧ ನಿಮ್ಮದು ಸರಿ, ಅರ್ಧ ವೈನಿಯವರದು. ಒಂದು ಜನಾಂಗವನ್ನೇ ಹುಟ್ಟಿನಿಂದ ಕೀಳೆಂದು ನೋಡಿದರೆ ಅದು ರೇಸಿಸಂ. ಒಂದೇ ಮನೆಯ ಅಕ್ಕ-ತಂಗಿಯರಲ್ಲಿ ಕೆಂಪಗಿದ್ದವಳಿಗೆ ಒಂದು ಮಾತು, ಕರ್ರಗಿದ್ದವಳಿಗೆ ಇನ್ನೊಂದು ಮಾತು ಆಡಿದರೆ ಅದು ಬಣ್ಣಭೇದ. (ನಮ್ಮ ಕಡೆ ಬೆಳ್ಳಗಿದ್ದವರಿಗೇ ಕೆಂಪಗ ಅನ್ನುವುದು, ಬೆಂಗಳೂರು ಕಡೆಯ ಓದುಗರು ಗಮನಿಸಬೇಕು.) ಇವೆರಡೂ ಒಂದೇ ಅಲ್ಲ, ಆದರೆ ಬೇರು ಹೆಣೆದುಕೊಂಡಿವೆ. ಜನಾಂಗ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆ 1965ರಲ್ಲಿ ಮಾಡಿದ ಒಪ್ಪಂದವನ್ನು ಭಾರತ 1968ರಲ್ಲಿ ಒಪ್ಪಿಕೊಂಡಿದೆ. ಅದರ ಮೊದಲ ಕಲಮಿನಲ್ಲೇ ಜನಾಂಗ, ಬಣ್ಣ, ವಂಶ ಎಂದು ಮೂರನ್ನೂ ಒಟ್ಟಿಗೆ ಹೇಳಿದೆ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಜನಾಂಗ ಎಂಬ ಪದವಿದೆ, ಬಣ್ಣ ಎಂಬುದಿಲ್ಲ.

ಈಗ ನಿಮ್ಮ ಮಾತಿಗೆ ಬರೋಣ. ‘ಕರ್ರಗದ’ ಎಂಬುದರಲ್ಲಿ ತಪ್ಪಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೀರಿ. ಮುಳ್ಳಿರುವುದು ‘ಆದ್ರೂ’ದಲ್ಲಿ. ‘ಕೂಸು ಕೆಂಪಗದ, ಆದ್ರೂ ಲಕ್ಷಣ ಅದ’ ಎಂದು ಅದನ್ನೇ ತಿರುಗಿಸಿ ಹೇಳಿ ನೋಡಿ. ಯಾರ ಬಾಯಲ್ಲೂ ಬರುವುದಿಲ್ಲ. ಕಪ್ಪಗಿರುವುದು ಒಂದು ಕೊರತೆ, ಲಕ್ಷಣ ಆ ಕೊರತೆಯನ್ನು ತುಂಬಿಕೊಟ್ಟಿದೆ ಎಂಬ ಲೆಕ್ಕ ಆ ಒಂದು ಪದದಲ್ಲಿ ಕೂತಿದೆ. ಹೆಣ್ಣು ಕೂಸಿನ ತಾಯಿಗೆ ಆ ಲೆಕ್ಕ ಇನ್ನೂ ಇಪ್ಪತ್ತು ವರ್ಷ ಮುಂದೆ, ಹೆಣ್ಣು ನೋಡಲು ಬಂದವರ ಎದುರಿನ ಚಹಾದ ತಟ್ಟೆಯತನಕ ಕೇಳಿಸುತ್ತದೆ. ವೈನಿಯವರ ಸಿಟ್ಟು ಅದಕ್ಕೇ ಇರಬೇಕು.

ಇದೇ ಮಾತು ಜಾತಿಗೆ, ಊರಿಗೆ, ದೇಶಕ್ಕೆ ಗಂಟು ಬಿದ್ದಾಗ ಬಣ್ಣಭೇದದ ಗಡಿ ದಾಟುತ್ತದೆ. ‘ಆ ಓಣಿಯವರ ಹಂಗ ಹುಟ್ಯಾಳ’ ಅಂದರೆ ಅದು ಬಣ್ಣದ ಹೆಸರಿನಲ್ಲಿ ಆಡಿದ ಜಾತಿ ಮಾತು. ಕಪ್ಪಗಿನ ಹುಡುಗನನ್ನು ‘ಹಬಶಿ’ ಎಂದು ಕರೆದರೆ ಅದು ನೇರ ಜನಾಂಗ ನಿಂದನೆ. ಹಬಶಿ ಅಂದರೆ ಅಬಿಸೀನಿಯದವನು, ಈಗಿನ ಇಥಿಯೋಪಿಯದ ಕಡೆಯವನು. ಬಹಮನಿ ದರಬಾರಿನಲ್ಲಿ ಹಬಶಿ ಸರದಾರರು ಇದ್ದರು, ಬೀದರಿನ ಹಬಶಿ ಕೋಟೆಯಲ್ಲಿ ಅವರ ಗೋರಿಗಳು ಇವತ್ತಿಗೂ ಇವೆ. ಒಂದು ಜನರ ಹೆಸರನ್ನೇ ಬೈಗುಳ ಮಾಡಿಕೊಂಡವರು ‘ನನ್ನ ಮನಸ್ಸಿನ್ಯಾಗ ಏನೂ ಇಲ್ಲ’ ಅಂದರೆ ನಾವು ಒಪ್ಪುವುದಿಲ್ಲ. ಆಡಿದವನ ಮನಸ್ಸು ಶಿಕ್ಷೆ ಅಳೆಯುವಾಗ ಲೆಕ್ಕಕ್ಕೆ ಬರಲಿ. ಮಾತು ಎಂಥದು ಎಂದು ತೀರ್ಮಾನಿಸುವಾಗ ಅದು ಯಾರನ್ನು ಎಲ್ಲಿ ಕೂರಿಸುತ್ತದೆ ಎಂದೇ ನೋಡಬೇಕು.

ಹಾಗೆಂದು ಬಣ್ಣದ ಸುದ್ದಿಯನ್ನೇ ಎತ್ತಬಾರದೆಂದಲ್ಲ. ಕಪ್ಪು ಮೈಯ ಕೂಸಿಗೆ ಕಾಮಾಲೆಯಾದರೆ ಚರ್ಮದ ಹಳದಿ ಸುಲಭಕ್ಕೆ ಕಾಣುವುದಿಲ್ಲ. ಕಣ್ಣಿನ ಬಿಳಿ ಭಾಗ, ಒಸಡು, ಅಂಗೈ, ಅಂಗಾಲು ನೋಡಬೇಕು. ಅಲ್ಲಿ ಬಣ್ಣದ ಮಾತು ಆಡಲೇಬೇಕು. ಇನ್ನೊಂದು, ತೊಟ್ಟಿಲಿನ ಹೊತ್ತಿಗೆ ಕೂಸಿನ ಬಣ್ಣ ನಿಂತಿರುವುದಿಲ್ಲ, ಮುಂದಿನ ಕೆಲವು ತಿಂಗಳು ಬದಲಾಗುತ್ತಲೇ ಇರುತ್ತದೆ. ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳ ಸಂಖ್ಯೆ ಕಪ್ಪಗಿದ್ದವರಲ್ಲೂ ಬೆಳ್ಳಗಿದ್ದವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಮಾಡುತ್ತವೆ, ಅದರ ಕಣ ಎಷ್ಟು ದೊಡ್ಡದು, ಹೇಗೆ ಹರಡುತ್ತದೆ ಎಂಬುದಷ್ಟೇ ಬೇರೆ. ಅನೇಕ ಜೀನ್‌ಗಳು ಸೇರಿ ಇದನ್ನು ನಡೆಸುವುದರಿಂದ ಒಂದೇ ಹೊಟ್ಟೆಯ ಮಕ್ಕಳ ಬಣ್ಣ ಬೇರೆಬೇರೆ. 17 ಡಿಗ್ರಿ ಅಕ್ಷಾಂಶದ ಆಸುಪಾಸಿನ ನಮ್ಮ ಬಿಸಿಲಿಗೆ ಮೆಲನಿನ್ ಹುಟ್ಟಿನಿಂದ ಬಂದ ಕೊಡೆ.

ವೈನಿಗೆ ದೊಡ್ಡ ಕ್ಷಮಾಪಣೆ ಬೇಕಿಲ್ಲ. ‘ಆದ್ರೂ ಅನ್ನಬಾರದಿತ್ತು ವೈನಿ’ ಎಂದರೆ ಸಾಕು. ‘ತಮಾಷಿಗಂದೆ’ ಎಂದು ಮಾತ್ರ ಸೇರಿಸಬೇಡಿ, ಮಾಡಿದ್ದೆಲ್ಲ ನೀರಾಗುತ್ತದೆ.

ಪ್ರಶ್ನೆ: ಗೆಳೆಯನನ್ನು ಚಿಕ್ಕಂದಿನಿಂದ ‘ಕರಿಯಾ’ ಅಂತೇ ಕರೆಯುವುದು. ಬಿಡಬೇಕೇ? (ಶಹಾಪುರ)

ಉತ್ತರ: ಅವನನ್ನೇ ಕೇಳಿ, ಒಬ್ಬನೇ ಇದ್ದಾಗ. ಕರಿಯಪ್ಪ, ಕರೆಪ್ಪ, ಕರೆವ್ವ, ಕರಿಬಸಪ್ಪ ಎಲ್ಲ ಹಿರಿಯರು ಪ್ರೀತಿಯಿಂದ ಇಟ್ಟ ಹೆಸರುಗಳು, ಅದರಲ್ಲಿ ಅವಮಾನವಿಲ್ಲ. ಅಡ್ಡಹೆಸರಿನ ಮಾತು ಬೇರೆ. ಅವನ ಹೆಂಡತಿ, ಮಕ್ಕಳು, ಆಫೀಸಿನವರ ಎದುರು ಹಾಗೆ ಕರೆಯುವಾಗ ನಿಮ್ಮ ನಾಲಿಗೆ ತಡೆಯುತ್ತದೆಯೇ? ತಡೆದರೆ ಉತ್ತರ ನಿಮಗೇ ಗೊತ್ತಿದೆ.

ಪ್ರಶ್ನೆ: ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತೇನೆ. ಈಶಾನ್ಯ ರಾಜ್ಯದ ಸಹಪಾಠಿಯನ್ನು ‘ಚೀನಿ’ ಎಂದೂ, ಕಪ್ಪಗಿರುವ ಇನ್ನೊಬ್ಬನನ್ನು ‘ಕರೆಂಟ್ ಹೋದ್ರ ಕಾಣಂಗಿಲ್ಲ’ ಎಂದೂ ದಿನಾ ಕಾಡುತ್ತಾರೆ. ದೂರಿಗೆ ಆಧಾರವಿದೆಯೇ? (ಹುಮನಾಬಾದ್)

ಉತ್ತರ: ಇದೆ, ಗಟ್ಟಿಯಾದದ್ದೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ತಂದು, ಬಣ್ಣ, ಜನಾಂಗ, ಜಾತಿ, ಧರ್ಮ, ಪ್ರದೇಶದ ಕಾರಣಕ್ಕೆ ಕೊಡುವ ಮಾನಸಿಕ ಹಿಂಸೆಯನ್ನೂ ರ‍್ಯಾಗಿಂಗ್ ಎಂದು ಸೇರಿಸಿದ್ದಾರೆ. ಹೊಸ ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ. ಸಂವಿಧಾನದಲ್ಲಿ ಸಿಗದ ‘ಬಣ್ಣ’ ಎಂಬ ಪದ ಇಲ್ಲಿ ಸಿಗುತ್ತದೆ ನೋಡಿ.

ದೂರು ಎಡವುವುದು ಬರೆಯುವ ರೀತಿಯಲ್ಲಿ. ‘ನಮ್ಮನ್ನು ಹೀಯಾಳಿಸುತ್ತಾರೆ’ ಎಂದಷ್ಟೇ ಬರೆದರೆ ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಯವರು ಬುದ್ಧಿ ಹೇಳಿ ಕಳಿಸುತ್ತಾರೆ. ಯಾವ ತಾರೀಖು, ಎಷ್ಟು ಹೊತ್ತಿಗೆ, ಮೆಸ್ಸಿನಲ್ಲೋ ವರಾಂಡದಲ್ಲೋ, ಯಾರು, ಆಡಿದ ಮಾತು ಇದ್ದ ಹಾಗೆ, ಕೇಳಿಸಿಕೊಂಡ ಇಬ್ಬರ ಹೆಸರು, ಇಷ್ಟೂ ಇರಲಿ. ಒಂದೇ ಘಟನೆ ಸಾಲದು, ಮೂರು ನಾಲ್ಕನ್ನು ಸಾಲಾಗಿ ಬರೆದರೆ ‘ದಿನಾ’ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ವಾಟ್ಸ್ಯಾಪ್ ಗುಂಪಿನಲ್ಲಿ ಆಗಿದ್ದರೆ ತಾರೀಖು, ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ದೂರು ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕಾಲೇಜು ಸುಮ್ಮನೆ ಕೂತರೆ ಯುಜಿಸಿ ಸಹಾಯವಾಣಿ 1800-180-5522.

ಕಾಲೇಜಿನ ಹೊರಗಿನ ಕಾನೂನು ಇಷ್ಟು ಗಟ್ಟಿಯಿಲ್ಲ. ಅರುಣಾಚಲದ ವಿದ್ಯಾರ್ಥಿಯೊಬ್ಬ 2014ರಲ್ಲಿ ದೆಹಲಿಯಲ್ಲಿ ಹಲ್ಲೆಯಾಗಿ ಸತ್ತ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್ಬರುವಾ ಸಮಿತಿ, ಜನಾಂಗ ನಿಂದನೆಗೆ ಪ್ರತ್ಯೇಕ ಕಲಮು ಬೇಕೆಂದು ಶಿಫಾರಸು ಮಾಡಿತು. ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಂಥ ಪ್ರತ್ಯೇಕ ಕಲಮು ಬರಲಿಲ್ಲ. ನಿಂದನೆಗೊಳಗಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ನಿಂದಿಸಿದವರು ಆ ಜಾತಿ-ಪಂಗಡಗಳ ಹೊರಗಿನವರಾಗಿದ್ದು, ಮಾತು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದಲೇ ಬಂದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಹಿಡಿಯುತ್ತದೆ. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ್ದು ಇದಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಪ್ರಶ್ನೆ: ಮದುವೆಯಾಗಿ ಮೂರು ವರ್ಷ. ಅತ್ತೆ, ಗಂಡ ಇಬ್ಬರೂ ನನ್ನ ಬಣ್ಣ ಎತ್ತಿ ಆಡಿಕೊಳ್ಳುತ್ತಾರೆ. ಹೊಡೆದಿಲ್ಲ, ಬಡಿದಿಲ್ಲ. ಬರೀ ಮಾತಿಗೆ ಕೇಸ್ ಆಗುತ್ತದೆಯೇ? (ಭಾಲ್ಕಿ)

ಉತ್ತರ: ಯಾವ ಬಾಗಿಲು ಬಡಿಯುತ್ತೀರಿ ಎಂಬುದರ ಮೇಲಿದೆ ತಂಗಿ. ಪೊಲೀಸ್ ಠಾಣೆಗೆ ಹೋದರೆ ಗಂಡ, ಗಂಡನ ಮನೆಯವರ ಕ್ರೌರ್ಯದ ಕಲಮು, ಅಂದರೆ ಹಳೆಯ ದಂಡ ಸಂಹಿತೆಯ 498ಎ, ಈಗಿನ ನ್ಯಾಯ ಸಂಹಿತೆಯ 85. ಅಲ್ಲಿ ಕ್ರೌರ್ಯದ ಅಳತೆ ದೊಡ್ಡದು. ಬಣ್ಣದ ಬಗ್ಗೆ ಗಂಡ ಆಡಿಕೊಂಡದ್ದು ಆ ಅಳತೆಗೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2025ರಲ್ಲಿ ಒಬ್ಬನನ್ನು ಬಿಡುಗಡೆ ಮಾಡಿದೆ. ವಿಚ್ಛೇದನದಲ್ಲಿ ಅಳತೆ ಬೇರೆ. ಗಂಡನನ್ನು ಕಪ್ಪೆಂದು ಹೀಯಾಳಿಸುತ್ತಿದ್ದದ್ದು ಕ್ರೌರ್ಯವೇ ಎಂದು ನಮ್ಮ ಕರ್ನಾಟಕ ಹೈಕೋರ್ಟ್ 2023ರಲ್ಲಿ ವಿಚ್ಛೇದನ ಕೊಟ್ಟಿದೆ. ಅಲ್ಲಿ ಹೀಯಾಳಿಸಿದವಳು ಹೆಂಡತಿ.

ನಿಮಗೆ ಹೊಂದುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಅವಮಾನ, ಹೀಯಾಳಿಕೆ, ಅಡ್ಡಹೆಸರು ಹಿಡಿದು ಕರೆಯುವುದನ್ನು ಅದು ‘ಮಾತಿನ ಮತ್ತು ಭಾವನಾತ್ಮಕ ಹಿಂಸೆ’ ಎಂದು ಬಾಯಿಬಿಟ್ಟು ಹೇಳುತ್ತದೆ. ಮನೆ ಬಿಟ್ಟು ಬರಬೇಕಿಲ್ಲ, ಅದೇ ಮನೆಯಲ್ಲಿದ್ದುಕೊಂಡೇ ರಕ್ಷಣಾ ಆದೇಶ ಕೇಳಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಸಂರಕ್ಷಣಾಧಿಕಾರಿ ಯಾರೆಂದು ಕೇಳಿ. ಅವರು ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅರ್ಜಿ ತಲುಪಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕೆಂಬುದು ಕಾಯ್ದೆಯ ಮಾತು. ವಾಸ್ತವದಲ್ಲಿ ತಡವಾಗುತ್ತದೆ, ಧೈರ್ಯಗೆಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲ. ಸಹಾಯವಾಣಿ 15100, ಮಹಿಳಾ ಸಹಾಯವಾಣಿ 181. ಇವತ್ತಿನಿಂದಲೇ ಒಂದು ಸಣ್ಣ ವಹಿಯಲ್ಲಿ ತಾರೀಖು ಹಾಕಿ ಮಾತು ಬರೆದಿಡಿ. ವಹಿ ತವರಿನಲ್ಲಿರಲಿ.

ಪ್ರಶ್ನೆ: ಶಾಲೆಯ ಕಾರ್ಯಕ್ರಮದಲ್ಲಿ ಕೆಂಪಗಿನ ಮಕ್ಕಳನ್ನೇ ಮುಂದಿನ ಸಾಲಿಗೆ ನಿಲ್ಲಿಸುತ್ತಾರೆ. (ಚಿಂಚೋಳಿ)

ಉತ್ತರ: ಮೊದಲು ಮುಖ್ಯಗುರುಗಳಿಗೆ ಬಾಯಿಮಾತಿನಲ್ಲಿ ಹೇಳಿ, ಎತ್ತರದ ಪ್ರಕಾರ ನಿಲ್ಲಿಸಲು ಕೇಳಿ. ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತದೆ. ಮಗುವನ್ನು ಬಣ್ಣ ಎತ್ತಿ ಬೈದಿದ್ದರೆ ಲಿಖಿತವಾಗಿ ಕೊಡಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಮಂದಿಯ ಮಾತಿಗೆ ಬೇಸತ್ತು ಮೆಡಿಕಲ್ ಅಂಗಡಿಯವರು ಕೊಟ್ಟ ಕ್ರೀಮ್ ಮಗಳಿಗೆ ಎಂಟು ತಿಂಗಳಿಂದ ಹಚ್ಚುತ್ತಿದ್ದೇವೆ. ಮೊದಲು ಬೆಳ್ಳಗಾದಳು. ಈಗ ಬಿಸಿಲಿಗೆ ಹೋದರೆ ಮುಖ ಉರಿ, ಗಲ್ಲದ ಮೇಲೆ ಕೂದಲು. (ಯಾದಗಿರಿ)

ಉತ್ತರ: ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ. ಬೆಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಇದ್ದರೆ ಅದು ಸ್ಟೀರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೂಡ ಇರಬಹುದು. ಸ್ಟೀರಾಯ್ಡ್ ರಕ್ತನಾಳ ಸಂಕುಚಿಸಿ ಬಣ್ಣದ ಕೋಶಗಳನ್ನು ಅಡಗಿಸುತ್ತದೆ. ಮೊದಲ ವಾರಗಳ ಬಿಳುಪು ಅದರಿಂದ ಬಂದದ್ದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಉರಿ ಇನ್ನೂ ಹೆಚ್ಚುವುದರಿಂದ ಮಂದಿ ಮತ್ತೆ ಅದನ್ನೇ ಹಚ್ಚುತ್ತಾರೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು 2018ರಲ್ಲಿ ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲದ ಪಟ್ಟಿಗೆ ಸೇರಿಸಿದ್ದಾರೆ, ಆದರೂ ಕೌಂಟರಿನಲ್ಲಿ ಸಿಗುತ್ತವೆ. ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿ ಇನ್ನೂ ಅಪಾಯ. ಅದರಲ್ಲಿ ಪಾದರಸವಿದ್ದರೆ ಮೂತ್ರಪಿಂಡಕ್ಕೆ ಕುತ್ತು, ಕಾಲು, ಮುಖ ಬಾತರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ.

ಈಗ ಮನೆಮದ್ದು ಬೇಡ. ಲಿಂಬೆರಸ, ಅಡುಗೆ ಸೋಡಾ, ಕಡಲೆಹಿಟ್ಟು ಯಾವುದನ್ನೂ ತಿಕ್ಕಬೇಡಿ, ತೆಳುವಾದ ಚರ್ಮ ಸುಲಿಯುತ್ತದೆ. ಸಪ್ಪೆ ಮಾಯಿಶ್ಚರೈಸರ್, ಹೊರಗೆ ಹೋಗುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಎರಡು ಬೆರಳುದ್ದ, ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ, ತಲೆಗೆ ಸೆರಗೋ ಓಢಣಿಯೋ. ಸ್ಟೀರಾಯ್ಡನ್ನು ಒಮ್ಮೆಗೇ ಬಿಡಬೇಕೋ ಹಂತಹಂತವಾಗಿಯೋ ಎಂಬುದನ್ನು ಚರ್ಮರೋಗ ತಜ್ಞರೇ ಹೇಳಬೇಕು. ಖಾಲಿಯಾಗಿದ್ದರೂ ಟ್ಯೂಬು ಎಸೆಯಬೇಡಿ, ಜೊತೆಗೆ ಒಯ್ದು ತೋರಿಸಿ.