ಸಂಪಾದಕರ ಉತ್ತರ: ನಾಯಿ ಬಟ್ಟಲು ಕವುಚಿಟ್ಟವನು

ಡೊಂಬಿವಲಿಯ ಓದುಗರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ದಾದರಿನಿಂದ ಮುಲುಂಡ್‌ವರೆಗೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದಿದೆ. ಮನೆಗೆ ಬಂದು ಇನ್ನೊಮ್ಮೆ ಓದಿದೆ. 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಧಾರಾವಾಹಿಯ ಫೀಲಿಕ್ಸ್ ಗೇಟಾ ಗಾಳಿ ಬಂದ ಕಡೆ ತೂರಿಕೊಳ್ಳುವ ಆಸಾಮಿ ಅಂತ ನಿಮ್ಮ ವಾದ. ಮೊದಲು ಅಡಾಮಾ ಕಡೆ, ಆಮೇಲೆ ವಿಜ್ಞಾನಿ ಬಾಲ್ಟರ್ ಕಡೆ, ಮತ್ತೆ ಅಡಾಮಾ ಕಡೆ, ಕೊನೆಗೆ ರಾಜಕಾರಣಿ ಜಾರೆಕ್ ಜೊತೆ ಸೇರಿ ದಂಗೆ. ಇಂಥವನು ಸತ್ತರೆ ಯಾಕೆ ಅಳಬೇಕು ಅಂತ ಕೇಳಿದ್ದೀರಿ. ನಾನು ಅತ್ತಿದ್ದೇನೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನೋಡದವರಿಗೆ ಎರಡು ಮಾತು. ಇದು 2004ರಿಂದ 2009ರವರೆಗೆ ಬಂದ ಸರಣಿ. ಮನುಷ್ಯರೇ ಮಾಡಿದ ಸೈಲಾನ್ ಎಂಬ ಯಂತ್ರಗಳು ಮನುಷ್ಯಕುಲವನ್ನು ಹೆಚ್ಚುಕಡಿಮೆ ಮುಗಿಸಿಬಿಡುತ್ತವೆ. ಅವುಗಳಲ್ಲಿ ಕೆಲವು ನೋಡಲು ಥೇಟ್ ಮನುಷ್ಯರ ಹಾಗೇ ಇರುತ್ತವೆ. ಉಳಿದ ಸುಮಾರು 50 ಸಾವಿರ ಜನ ಹಡಗುಗಳಲ್ಲಿ ಆಕಾಶದಲ್ಲಿ ಅಲೆಯುತ್ತಾರೆ. ಅವರನ್ನು ಕಾಯುವ ಯುದ್ಧನೌಕೆಗೆ ಅಡಾಮಾ ಮುಖ್ಯಸ್ಥ. ಗೇಟಾ ಅದರ ಕಂಟ್ರೋಲ್ ರೂಮಿನ ಅಧಿಕಾರಿ.

ಪತ್ರದಲ್ಲಿ ನೀವು ಚುನಾವಣೆಯನ್ನು ಬಿಟ್ಟೇಬಿಟ್ಟಿದ್ದೀರಿ. ಎರಡನೇ ಸೀಸನ್ನಿನ ಕೊನೆಯಲ್ಲಿ ಅಧ್ಯಕ್ಷೆ ರಾಸ್ಲಿನ್ ಪರವಾಗಿ ಮತ ಕಳ್ಳತನ ಆಗುತ್ತದೆ. ಅದನ್ನು ಹಿಡಿದವನು ಗೇಟಾ. ರಾಸ್ಲಿನ್ ಅಡಾಮಾಗೆ ಬೇಕಾದವಳು, ಸುಮ್ನೆ ಇದ್ದಿದ್ದರೆ ಇವನಿಗೇನೂ ನಷ್ಟ ಇರಲಿಲ್ಲ. ಆದರೂ ಹೇಳಿದ. ಬಾಲ್ಟರ್ ಅಧ್ಯಕ್ಷನಾದ, ಜನರನ್ನು ಒಂದು ಹೊಸ ಗ್ರಹದಲ್ಲಿ ಇಳಿಸಿದ, ವರ್ಷ ಕಳೆದ ಮೇಲೆ ಸೈಲಾನರು ಬಂದು ಅಲ್ಲಿ ಆಳತೊಡಗಿದರು. ಲೆಕ್ಕ ಸರಿಯಿರಬೇಕು ಅಂತ ಹಟ ಹಿಡಿದ ಒಬ್ಬನ ಪ್ರಾಮಾಣಿಕತೆಯಿಂದ ಇಷ್ಟೆಲ್ಲ ಆಯಿತು. ಗಾಳಿ ನೋಡಿ ತೂರುವವನು ಹೀಗೆ ಮಾಡುತ್ತಾನಾ?

ಆ ಗ್ರಹದಲ್ಲಿ ಅವನು ಬಾಲ್ಟರನ ಕಚೇರಿಯಲ್ಲೇ ಕೆಲಸ ಮಾಡಿದ, ನಿಜ. ಅಲ್ಲಿಂದಲೇ ಗುಟ್ಟಾಗಿ ಹೋರಾಟಗಾರರಿಗೆ ಸುದ್ದಿ ಕಳಿಸುತ್ತಿದ್ದ. ಅದಕ್ಕೆ ಗುರುತು ಒಂದು ನಾಯಿ ಬಟ್ಟಲು. ಬಟ್ಟಲು ಕವುಚಿದ್ದರೆ ಚೀಟಿ ಬಂದಿದೆ ಅಂತ ಅರ್ಥ. ಚೀಟಿ ತೆಗೆದುಕೊಳ್ಳುತ್ತಿದ್ದ ಹೋರಾಟಗಾರ ಟೈರಲ್‌ಗೆ ಅದನ್ನು ಇಡುವವನು ಯಾರು ಅಂತ ಗೊತ್ತಿಲ್ಲ. ಜನ ಬಿಡುಗಡೆಯಾಗಿ ಹಡಗಿಗೆ ವಾಪಸ್ ಬಂದ ಮೇಲೆ ಆರು ಜನರ ಒಂದು ಗುಪ್ತ ಕೂಟ ದ್ರೋಹಿಗಳನ್ನು ಹಿಡಿದು ಗಾಳಿಯಿಲ್ಲದ ಆಕಾಶಕ್ಕೆ ತಳ್ಳತೊಡಗುತ್ತದೆ. ಗೇಟಾನನ್ನೂ ಮಂಡಿಯೂರಿಸಿ ಕೂರಿಸುತ್ತಾರೆ. ಬೇಡಿಕೋ ಅಂತ ಪೈಲಟ್ ಸ್ಟಾರ್‌ಬಕ್ ಕೆಣಕುತ್ತಾಳೆ. ಅವನ ಬಾಯಿಂದ ನಾಯಿ ಬಟ್ಟಲಿನ ಮಾತು ಬರದೇ ಇದ್ದಿದ್ದರೆ, ಅಥವಾ ಅವತ್ತು ಟೈರಲ್ ಆ ಕೋಣೆಯಲ್ಲಿ ಇಲ್ಲದೇ ಇದ್ದಿದ್ದರೆ, ಅಲ್ಲಿಗೇ ಮುಗಿದಿತ್ತು.

ಇದಾದ ಮೇಲೆ ರಾಸ್ಲಿನ್ ಎಲ್ಲರಿಗೂ ಸಾಮೂಹಿಕ ಕ್ಷಮೆ ಘೋಷಿಸುತ್ತಾಳೆ. ಅವನನ್ನು ಕೊಲ್ಲಲು ಕೂತಿದ್ದವರಿಗೂ ಅದೇ ಕ್ಷಮೆ. ಆ ಕೂಟದಲ್ಲಿ ಮೊದಲು ಸ್ಟಾರ್‌ಬಕ್‌ಳ ಗಂಡ ಆಂಡರ್ಸ್ ಕೂಡ ಇದ್ದ, ಗೇಟಾನ ಸರದಿ ಬರುವ ಮೊದಲೇ ಹೊರಬಿದ್ದಿದ್ದ. ಮುಂದೆ ನಾಲ್ಕನೇ ಸೀಸನ್ನಿನಲ್ಲಿ ಒಂದು ಸಣ್ಣ ಹಡಗಿನಲ್ಲಿ ಸ್ಟಾರ್‌ಬಕ್ ವಿರುದ್ಧ ಸಿಬ್ಬಂದಿ ತಿರುಗಿಬಿದ್ದಾಗ, ಉಪನಾಯಕ ಹೆಲೋ ಕೊಟ್ಟ ಆಜ್ಞೆಯಂತೆ ಹಡಗನ್ನು ಹಿಂದಿರುಗಿಸಲು ಹೊರಟ ಗೇಟಾನ ಕಾಲಿಗೆ ಗುಂಡು ಹೊಡೆಯುವವನು ಇದೇ ಆಂಡರ್ಸ್. ಚಿಕಿತ್ಸೆ ತಡವಾಗಿ ಕಾಲು ಹೋಗುತ್ತದೆ. ಆಮೇಲೆ ನೋಡಿದರೆ ಆಂಡರ್ಸ್ ಸ್ವತಃ ಸೈಲಾನ್! ಅವನನ್ನೂ ಒಪ್ಪಿಕೊಳ್ಳಿ, ಸೈಲಾನರ ಯಂತ್ರಗಳನ್ನು ನಮ್ಮ ಹಡಗುಗಳಿಗೂ ಜೋಡಿಸಿಕೊಳ್ಳಿ ಅಂತ ಅಡಾಮಾ ಹೇಳುತ್ತಾನೆ. 2009ರ ಜನವರಿ 30 ಮತ್ತು ಫೆಬ್ರವರಿ 6ರಂದು ಬಂದ ಎರಡು ಕಂತುಗಳಲ್ಲಿ ನಡೆಯುವ ದಂಗೆಗೆ ಬೀಜ ಬಿದ್ದದ್ದು ಇಲ್ಲೆಲ್ಲ.

ನಿಮ್ಮ ಒಂದು ಮಾತನ್ನು ಪೂರ್ತಿ ಒಪ್ಪುತ್ತೇನೆ. ಬಾಲ್ಟರನ ವಿಚಾರಣೆಯಲ್ಲಿ ಗೇಟಾ ಸುಳ್ಳು ಸಾಕ್ಷಿ ಹೇಳಿದ. ಸೈಲಾನರು ಬಾಲ್ಟರನ ತಲೆಗೆ ಬಂದೂಕಿಟ್ಟು ಮರಣದಂಡನೆಯ ಪಟ್ಟಿಗೆ ಸಹಿ ಹಾಕಿಸಿದ್ದನ್ನು ಮನಸಾರೆ ಹಾಕಿದ ಸಹಿ ಅಂದ. ದೊಡ್ಡ ತಪ್ಪು. 2008ರ ಡಿಸೆಂಬರಿನಲ್ಲಿ ಶುರುವಾದ ಹತ್ತು ಕಿರುಕಂತುಗಳನ್ನು ನೀವು ನೋಡಿಲ್ಲ ಅನ್ನಿಸುತ್ತದೆ. ಅವನ್ನು ನೋಡಿದರೆ ಆ ಸುಳ್ಳಿನ ಹಿಂದಿನ ಸಂಕಟ ಗೊತ್ತಾಗುತ್ತದೆ. ಗ್ರಹದಲ್ಲಿದ್ದಾಗ ಸೆರೆಯಾದವರನ್ನು ಬಿಡಿಸಲು ಅವನು ಒಬ್ಬ ಸೈಲಾನ್ ಹೆಣ್ಣಿಗೆ ಹೆಸರುಗಳನ್ನು ಕೊಡುತ್ತಿದ್ದ. ಅವಳು ಅವರನ್ನು ಕೊಲ್ಲಿಸಿಬಿಟ್ಟಿದ್ದಳು. ಬಾಲ್ಟರನ ಸಹಿಯ ಮೇಲೆ ಅವನಿಗೆ ಅಷ್ಟು ಸಿಟ್ಟು ಯಾಕೆ ಅಂದರೆ, ತನ್ನ ಕೈಬರಹದ ಪಟ್ಟಿಯ ಹೆಸರುಗಳೂ ಎಲ್ಲೋ ಹೆಣಗಳಾಗಿವೆ ಅನ್ನುವ ಅನುಮಾನ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಇದು ನನ್ನ ಓದು.

ಇನ್ನೊಂದು ಕಾರಣಕ್ಕೂ ಅವನನ್ನು ಕೈಬಿಡಲು ಆಗುವುದಿಲ್ಲ. 1982ರ ಮುಂಬಯಿ ಬಟ್ಟೆ ಗಿರಣಿ ಮುಷ್ಕರ ಶುರುವಾದಾಗ ನಾನು ಆರನೇ ಕ್ಲಾಸು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟಿದ್ದರು. ಪರೇಲಿನ ನಮ್ಮ ಚಾಳಿನಲ್ಲಿ ಮೂರನೇ ಮಾಳಿಗೆಯ ಒಬ್ಬರು, ನಮ್ಮ ಊರ ಕಡೆಯವರೇ, ಕೆಲವು ತಿಂಗಳಾದ ಮೇಲೆ ವಾಪಸ್ ಕೆಲಸಕ್ಕೆ ಹೋಗತೊಡಗಿದರು. ಅವತ್ತಿನಿಂದ ಅವರ ಹೆಂಡತಿ ನಲ್ಲಿಯ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಆ ವರ್ಷ ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಮನೆಮನೆ ಕರೆಯಲು ಅಮ್ಮ ನನ್ನನ್ನೇ ಕಳಿಸಿದ್ದರು. ಅವರ ಮನೆ ಬಿಟ್ಟು ಮುಂದಿನ ಮನೆಗೆ ಹೋದೆ. ಆಕೆ ಬಾಗಿಲಲ್ಲೇ ನಿಂತಿದ್ದರು. ಮನೆಯಲ್ಲಿ ಹಸಿವಿತ್ತೋ, ಕಾಯಿಲೆಯೋ, ನಮ್ಮ ಚಾಳಿನಲ್ಲಿ ಒಬ್ಬರೂ ಕೇಳಲಿಲ್ಲ. ಗೇಟಾನನ್ನೂ ಹಾಗೇ ಯಾರೂ ಕೇಳಲಿಲ್ಲ ಅಲ್ವಾ?

ಕೊನೆಯಲ್ಲಿ ರಾಸ್ಲಿನ್ ಇದ್ದ ಸೈಲಾನ್ ಹಡಗಿನ ಮೇಲೆ ಹಾರಬೇಕಿದ್ದ ಫಿರಂಗಿಗಳನ್ನು ಅವನು ತಡೆದದ್ದು ಹೆದರಿ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಜನಪ್ರತಿನಿಧಿಗಳನ್ನೆಲ್ಲ ಜಾರೆಕ್ ಗುಂಡಿಟ್ಟು ಕೊಲ್ಲಿಸಿದ ಹೊತ್ತಿಗೇ ಗೇಟಾನ ದಂಗೆ ಅವನ ಕೈ ಬಿಟ್ಟುಹೋಗಿತ್ತು. ಅದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಎಳೆದದ್ದು ಅವನ ತಪ್ಪು, ಗುಂಡು ಹಾರಿಸಬೇಡಿ ಅಂದದ್ದು ಮತ್ತೆ ಆ ಚುನಾವಣೆಯ ಗೇಟಾ. ಸಾಯುವ ಮೊದಲು ಬಾಲ್ಟರ್ ಜೊತೆ ಕಾಫಿ ಕುಡಿಯುತ್ತಾ, ಚಿಕ್ಕಂದಿನಲ್ಲಿ ಕಟ್ಟಡ ವಿನ್ಯಾಸ ಮಾಡುವವನಾಗುವ ಆಸೆ ಇತ್ತು, ತಿಂಡಿಗಳ ಆಕಾರದ ಹೋಟೆಲುಗಳನ್ನು ಬರೆಯುತ್ತಿದ್ದೆ ಅಂತ ಹೇಳುತ್ತಾನೆ. ಬಂದೂಕುಗಳ ಮುಂದೆ ಕೂರಿಸಿದಾಗ ಕತ್ತರಿಸಿದ ಕಾಲಿನ ಕೆರೆತ ನಿಲ್ಲುತ್ತದೆ.

ಮೂರನೇ ಸೀಸನ್ನಿನ ಆ ಗುಪ್ತ ಕೂಟದ ಕಂತನ್ನು ಇನ್ನೊಮ್ಮೆ ಹಾಕಿ ನೋಡಿ. ಕೊನೆಯ ದೃಶ್ಯ ಊಟದ ಕೋಣೆಯದು. ಗೇಟಾ ಒಬ್ಬನೇ ಕೂತಿದ್ದಾನೆ. ಟೈರಲ್ ಬಂದು ಅವನ ಮೇಜಿನಲ್ಲಿ ಕೂರುತ್ತಾನೆ. ನೋಡಿದ ಮೇಲೆ ಖಂಡಿತ ಬರೆಯಿರಿ, ಈ ಸಲ ಆರು ಪುಟ ಆದರೂ ಪರವಾಗಿಲ್ಲ.